ಸುರಪುರದ ದೊರೆಗೆ ಯಾರ ದಂಡಿನ ಬಾಜಾ?

ಈ ಕಡೆ ತಲೆ ಹಾಕದೆ ಮೂರು ತಿಂಗಳ ಮೇಲಾಯ್ತು. ಪ್ರಾಜೆಕ್ಟು, ರಿಲೀಸು, ರಾತ್ರಿ ಪಾಳಿ, ನೆಪಗಳು ಒಂದೇ ಎರಡೇ... ಇವತ್ತು ಮಾತ್ರ ಬರೆಯದೆ ಮಲಗಬಾರದು ಅಂತ ಕೂತಿದ್ದೇನೆ. ಕಾರಣ ನಮ್ಮ ಮುತ್ಯಾ ಕೇಳಿದ ಒಂದೇ ಒಂದು ಪ್ರಶ್ನೆ.

ಕಳೆದ ಸಲ ರಜೆಗೆ ಊರಿಗೆ ಹೋದಾಗ ಸುಮ್ಮನೆ ಮನೆಯಲ್ಲಿ ಕೂರಲಾಗದೆ ತಮ್ಮನ ಬೈಕು ತಗೊಂಡು ಸುರಪುರಕ್ಕೆ ಹೋಗಿದ್ದೆ. ನಮ್ಮೂರು ವಡಗೇರಾ. ಭೀಮಾ, ಕೃಷ್ಣಾ ಎರಡೂ ನದಿಗಳ ನಡುವಿನ ಊರು, ಈಗ ತಾಲ್ಲೂಕು ಕೇಂದ್ರ. ಅಲ್ಲಿಂದ ಶಹಾಪುರ, ಶಹಾಪುರದ ಮಲಗಿದ ಬುದ್ಧನ ಬೆಟ್ಟ ದಾಟಿದರೆ ಮುಂದೆ ಸುರಪುರ. ಅರಮನೆ, ಗುಡ್ಡ, ಟೇಲರ್ ಮಂಜಿಲ್, ಹತ್ತಿರದ ವಾಗಣಗೇರಾ ಕೋಟೆ ಎಲ್ಲವನ್ನೂ ಮೊಬೈಲಿನಲ್ಲಿ ಶೂಟ್ ಮಾಡಿದೆ. ಬೆಂಗಳೂರಿಗೆ ಬಂದು ಎರಡು ವಾರಾಂತ್ಯ ಕೂತು ಆರು ನಿಮಿಷದ ವಿಡಿಯೋ ಮಾಡಿದೆ. ರಾಜಾ ವೆಂಕಟಪ್ಪ ನಾಯಕನ ಕಥೆ. ಧ್ವನಿ ನನ್ನದೇ. ಹಿನ್ನೆಲೆಗೆ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ 'ಎಪಿಕ್' ಸಂಗೀತ ಹಾಕಿದೆ. ನಿಮಗೆ ಗೊತ್ತಿರುತ್ತೆ, ಮೊದಲು ಧಡ್ ಧಡ್ ಅಂತ ದೊಡ್ಡ ಡ್ರಮ್ಮು, ಆಮೇಲೆ ಟ್ರಂಪೆಟ್ಟು, ಟ್ರಾಂಬೋನು, ಕೊನೆಗೆ ನೂರು ಜನ ಒಟ್ಟಿಗೆ ಅರ್ಥವಿಲ್ಲದ ಭಾಷೆಯಲ್ಲಿ ಹಾಡುವುದು :) ಆಫೀಸಿನ ಗೆಳೆಯರು ನೋಡಿ ಸಿನಿಮಾ ಥರಾನೇ ಇದೆ ಮಗಾ ಅಂದರು. ನಾನೂ ಉಬ್ಬಿದೆ.

ಮುಂದಿನ ಸಲ ಊರಿಗೆ ಹೋದಾಗ ಮುತ್ಯಾನಿಗೆ ತೋರಿಸಿದೆ. ಅವರಿಗೆ ಎಂಬತ್ತು ದಾಟಿದೆ. ಕಣ್ಣು ಮಂಜು, ಕಿವಿ ಇನ್ನೂ ಚುರುಕು. ಪರದೆ ನೋಡಲಿಲ್ಲ, ಕಿವಿಯನ್ನೇ ಮೊಬೈಲಿನ ಹತ್ತಿರ ತಂದು ಕೇಳಿದರು. ಆರು ನಿಮಿಷ ಮುಗಿಯಿತು.

"ತಮ್ಮಾ, ಇದು ಯಾರ ದಂಡಿನ ಬಾಜಾ ಹಚ್ಚೀದಿ?"

"ವೆಂಕಟಪ್ಪ ನಾಯಕಂದು ಮುತ್ಯಾ, ಸುರಪುರದ ದೊರೀದು."

"ದೊರಿ ಕಡೆ ಇಂಥಾ ಬಾಜಾ ಎಲ್ಲಿತ್ತೋ? ಇದು ಕಂಪನಿ ಸರ್ಕಾರದ ಬ್ಯಾಂಡು ಅದ. ಅವನ್ನ ಹಿಡಿಲಾಕ ಬಂದವರ ಬಾಜಾ ಅವನ ಹೆಸರಲೇ ಬಾರಿಸೀದಿ ನೋಡು."

ಮುತ್ಯಾ ಇತಿಹಾಸ ಓದಿದವರಲ್ಲ. ನಾಲ್ಕನೇ ಈಯತ್ತೆ. ಆದರೆ ಆ ಮಾತು ಕೇಳಿ ನನ್ನ ಬಾಯಿ ಕಟ್ಟಿತು. ಯಾಕೆಂದರೆ ಅದು ಅಕ್ಷರಶಃ ನಿಜ.

ಕಥೆ ಗೊತ್ತಿಲ್ಲದವರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸುರಪುರ ಬೇಡ ನಾಯಕರ ಸಂಸ್ಥಾನ. ವೆಂಕಟಪ್ಪ ನಾಯಕ ಇನ್ನೂ ಚಿಕ್ಕವನಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದವನು ಫಿಲಿಪ್ ಮೆಡೋಸ್ ಟೇಲರ್. 1839ರಲ್ಲಿ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದವನು. ಹುಡುಗ ದೊರೆ ಅವನನ್ನು 'ಅಪ್ಪಾ' ಅಂತ ಕರೆಯುತ್ತಿದ್ದ. 1853ರಲ್ಲಿ ಅಧಿಕಾರ ದೊರೆಯ ಕೈಗೆ ಬಂತು, ಟೇಲರ್ ಹೋದ. 1858ರ ಫೆಬ್ರವರಿಯಲ್ಲಿ ಕಂಪನಿಯ ದಂಡು ಸುರಪುರದ ಮುಂದೆ ಬಂದು ನಿಂತಿತು. ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಸತ್ತ. ದೊರೆ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಮರಣದಂಡನೆ ಆಗಿ, ಅದು ಇಳಿದು ಇಳಿದು ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದಾಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ ಒಂದು ಗುಂಡು ಹಾರಿತು, ದೊರೆ ಸತ್ತ. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡ ಅಂತ ಬ್ರಿಟಿಷರ ದಾಖಲೆ. ನಮ್ಮ ಕಡೆ ಜನ ಅದನ್ನು ಪೂರ್ತಿ ನಂಬುವುದಿಲ್ಲ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಬಹುಮಾನವಾಗಿ ಕೊಟ್ಟರು. ಹಾಗೆ ನಾವು 1948ರ ತನಕ ನಿಜಾಮನ ಪ್ರಜೆಗಳು.

ಈಗ ಬಾಜಾ ವಿಷಯಕ್ಕೆ ಬರೋಣ. ಮುತ್ಯಾ ಹೇಳಿದ್ದನ್ನು ಪರೀಕ್ಷೆ ಮಾಡಲು ಕೂತೆ (ಬಗ್ ಬಂದರೆ ಮೂಲ ಹುಡುಕುವುದು ನಮ್ಮ ಕಸುಬು ತಾನೇ). ನಾನು ಹಾಕಿದ ಟ್ರಂಪೆಟ್ಟಿಗೆ ಒತ್ತುವ ವಾಲ್ವ್‌ಗಳಿರುತ್ತವಲ್ಲ, ಅವು ಜರ್ಮನಿಯಲ್ಲಿ ಹುಟ್ಟಿದ್ದು 1814-18ರ ಸುಮಾರಿಗೆ. ಅದಕ್ಕೂ ಮುಂಚಿನ ಕಹಳೆ, ಕೊಂಬುಗಳು ಕೆಲವೇ ಸ್ವರ ನುಡಿಯುತ್ತಿದ್ದವು. ವಾಲ್ವ್ ಬಂದ ಮೇಲೆ ಹಿತ್ತಾಳೆ ವಾದ್ಯದಲ್ಲಿ ಏನು ಬೇಕಾದರೂ ನುಡಿಸಬಹುದು ಅಂತಾಯ್ತು, ಯುರೋಪಿನ ದಂಡುಗಳಲ್ಲಿ ಬ್ಯಾಂಡುಗಳು ಬೆಳೆದವು. ಬ್ರಿಟಿಷ್ ಸೈನ್ಯದ ಸಂಗೀತ ಶಾಲೆ ಲಂಡನ್ ಹತ್ತಿರದ ನೆಲ್ಲರ್ ಹಾಲ್‌ನಲ್ಲಿ ಶುರುವಾಗಿದ್ದು ಯಾವಾಗ ಗೊತ್ತೇ? 1857! ನಮ್ಮ ಮದುವೆ ಮೆರವಣಿಗೆಗಳ ಬ್ಯಾಂಡು ಕೂಡ ಆ ದಂಡಿನ ಬ್ಯಾಂಡುಗಳ ಮೊಮ್ಮಗನೇ. ಮುತ್ಯಾನ ಕಿವಿ ಸರಿಯಾಗೇ ಗುರುತು ಹಿಡಿದಿತ್ತು.

ಹಾಗಾದರೆ ನಮ್ಮ ಸೀಮೆಯ ಯುದ್ಧಗಳು ಹೇಗೆ ಕೇಳಿಸುತ್ತಿದ್ದವು? ಇದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ಕೃಷ್ಣೆ ದಾಟಿದರೆ ರಾಯಚೂರು. 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಆ ಕೋಟೆಗಾಗಿ ದೊಡ್ಡ ಯುದ್ಧ ನಡೆಯಿತು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಅದರ ಬಗ್ಗೆ ಬರೆಯುತ್ತಾ ನಗಾರಿ, ಕಹಳೆ, ಜನರ ಕೂಗಿಗೆ ಆಕಾಶವೇ ಬಿದ್ದ ಹಾಗಾಯಿತು, ಹಾರುತ್ತಿದ್ದ ಹಕ್ಕಿಗಳು ದಿಕ್ಕೆಟ್ಟು ಸೈನಿಕರ ಕೈಗೇ ಬಿದ್ದವು ಎನ್ನುತ್ತಾನೆ. ಉತ್ಪ್ರೇಕ್ಷೆ ಇರಬಹುದು, ಆದರೆ ಸದ್ದು ಎಂಥದ್ದಿರಬೇಕು ಅಂತ ಊಹೆ ಮಾಡಿ.

ವಾಗಣಗೇರಾ ಇನ್ನೂ ಹತ್ತಿರ. ಔರಂಗಜೇಬ ಸ್ವತಃ ಮುಂದೆ ನಿಂತು ಹಾಕಿದ ಕೊನೆಯ ಮುತ್ತಿಗೆ ಇದೇ ವಾಗಣಗೇರಾದ್ದು, 1705ರಲ್ಲಿ. ಸುಮಾರು ಮೂರು ತಿಂಗಳಾದ ಮೇಲೆ ಕೋಟೆ ಸಿಕ್ಕಿತು, ಪಿಡ್ಡನಾಯಕ ಮಾತ್ರ ಸಿಗಲಿಲ್ಲ. ಮೊಗಲರ ನಗಾರಖಾನೆಯಲ್ಲಿ ಏನೇನಿತ್ತು ಎನ್ನುವುದಕ್ಕೆ ಅಕ್ಬರನ ಕಾಲದ 'ಐನ್-ಇ-ಅಕ್ಬರಿ'ಯಲ್ಲಿ ಪಟ್ಟಿಯೇ ಇದೆ. ದಮಾಮ ಎಂಬ ದೊಡ್ಡ ಭೇರಿ ಸುಮಾರು 18 ಜೋಡಿ, ನಗಾರಿ 20 ಜೋಡಿ, ಡೋಲು 4, ಉದ್ದ ಕಹಳೆ 4ಕ್ಕೆ ಕಮ್ಮಿ ಇಲ್ಲ, ಸುರ್ನಾಯಿ 9, ತಾಳ 3 ಜೋಡಿ. ಒಂದು ಥರದಲ್ಲಿ ಬಾದಶಹನ ಅಧಿಕಾರವನ್ನೇ ಕಿವಿಗೆ ಕೇಳುವ ಹಾಗೆ ಮಾಡಿಟ್ಟ ಪಟ್ಟಿ ಅದು. ವಿಜಯಪುರದ ಗೋಳಗುಮ್ಮಟ ನೋಡಿದವರು ಅದರ ಮುಂದಿರುವ ಮ್ಯೂಸಿಯಂ ಕಟ್ಟಡ ನೋಡಿಯೇ ಇರುತ್ತೀರಿ. ಅದು ಹಿಂದೆ ನಗಾರಖಾನೆ. ನಾನು ಶಾಲೆಯ ಪ್ರವಾಸದಲ್ಲಿ ಅಲ್ಲಿ ಶಾಸನಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೆ, ಆ ಕಟ್ಟಡ ಒಂದು ಕಾಲದಲ್ಲಿ ಎಷ್ಟು ಸದ್ದು ಮಾಡಿರಬಹುದು ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಸರಿ, ಸಿನಿಮಾದವರೂ ನಾನು ಮಾಡಿದ ತಪ್ಪನ್ನೇ ಮಾಡುತ್ತಾರಾ? ಮೊದಲು ಹೌದು ಅನ್ನಿಸಿತು. ವಿಜಯ್ ನಿರ್ದೇಶನದ 'ಮಯೂರ' ಬಂದದ್ದು 1975ರಲ್ಲಿ, ದೇವುಡು ಅವರ ಕಾದಂಬರಿ, ಜಿ.ಕೆ. ವೆಂಕಟೇಶ್ ಸಂಗೀತ. ಕಥೆ ನಾಲ್ಕನೇ ಶತಮಾನದ್ದು. ವಯಲಿನ್ನು ನಮ್ಮ ದಕ್ಷಿಣದ ಸಂಗೀತಕ್ಕೆ ಬಂದದ್ದು ಹದಿನೆಂಟನೇ ಶತಮಾನ ಮುಗಿಯುವ ಹೊತ್ತಿಗೆ. ಆ ಕಾಲದ ಸ್ಟುಡಿಯೋ ವಾದ್ಯಗೋಷ್ಠಿ ಅಂದರೆ ವಯಲಿನ್ನುಗಳ ಸಾಲೇ ಸಾಲು. ಲೆಕ್ಕ ಹಾಕಿದರೆ ಕದಂಬರ ಬನವಾಸಿಗೆ ಸಾವಿರದ ನಾಲ್ಕುನೂರು ವರ್ಷ ಮುಂಚೆಯೇ ವಯಲಿನ್ ತಲುಪಿಬಿಟ್ಟಿತು :) ಸರಿಯಾಗಿ ಐವತ್ತು ವರ್ಷದ ಮೇಲೆ, 2025ರಲ್ಲಿ, ಮತ್ತೆ ಕದಂಬರ ಕಾಲವನ್ನೇ ಹಿನ್ನೆಲೆಯಾಗಿಟ್ಟುಕೊಂಡು 'ಕಾಂತಾರ' ಚಾಪ್ಟರ್ 1 ಬಂತು. ಅಜನೀಶ್ ಲೋಕನಾಥ್ ಸಂಗೀತದಲ್ಲಿ ಡೋಲು, ಜನಪದದ ಗಂಟಲು ಮುಂದೆ ಬಂದಿವೆ. ಅದೇ ಕಾಲ, ಎರಡು ಬೇರೆ ಸದ್ದು. ನಿಜ ಹೇಳಬೇಕೆಂದರೆ ಎರಡರಲ್ಲಿ ಯಾವುದೂ ನಾಲ್ಕನೇ ಶತಮಾನದ ಸದ್ದಲ್ಲ. ಮೊದಲನೆಯದು 1975ರ ಜನ ರಾಜನನ್ನು ಹೇಗೆ ಕಲ್ಪಿಸಿಕೊಂಡಿದ್ದರು ಅಂತ ಹೇಳುತ್ತದೆ, ಎರಡನೆಯದು ನಾವು ಈಗ ಕಾಡನ್ನು ಹೇಗೆ ಕಲ್ಪಿಸಿಕೊಳ್ಳುತ್ತಿದ್ದೇವೆ ಅಂತ.

ಈ ತಲೆನೋವು ನಮ್ಮೊಬ್ಬರದೇ ಅಲ್ಲ. ಹಾಲಿವುಡ್ಡಿನ 'ಕೋ ವಾಡಿಸ್' (1951) ಚಿತ್ರಕ್ಕೆ ಸಂಗೀತ ಕೊಟ್ಟ ಮಿಕ್ಲೋಶ್ ರೋಝಾ ಪ್ರಾಚೀನ ಗ್ರೀಕ್ ರಾಗಗಳ ತುಣುಕುಗಳನ್ನು ಹುಡುಕಿ, ಶಿಲ್ಪಗಳನ್ನು ನೋಡಿ ಹಳೆಯ ವಾದ್ಯಗಳನ್ನು ಮತ್ತೆ ಮಾಡಿಸಿ, ರೋಮನ್ನರ ಸದ್ದು ಕಟ್ಟಲು ನೋಡಿದ. ಅವನಿಗೂ ಮುಂಚೆ, 1938ರಲ್ಲಿ, ಐಸೆನ್‌ಸ್ಟೈನನ 'ಅಲೆಕ್ಸಾಂಡರ್ ನೆವ್‌ಸ್ಕಿ'ಗೆ ಸಂಗೀತ ಮಾಡಿದ ಪ್ರೊಕೊಫಿಯೆವ್ ಉಲ್ಟಾ ದಾರಿ ಹಿಡಿದ. ಕಥೆ 1242ರ ಯುದ್ಧದ್ದು. ಹದಿಮೂರನೇ ಶತಮಾನದ ಸಂಗೀತ ಇವತ್ತಿನವರಿಗೆ ಪರಕೀಯವಾಗಿ ಕೇಳುತ್ತದೆ, ಅದರಿಂದ ಎದೆಯಲ್ಲಿ ಏನೂ ಏಳುವುದಿಲ್ಲ, ನಾನು ಇಂದಿನ ಕಿವಿಗೇ ಬರೆಯುತ್ತೇನೆ ಎಂಬುದು ಅವನ ವಾದ. ಇಬ್ಬರ ಮಾತಿನಲ್ಲೂ ಹುರುಳಿದೆ. ರೋಝಾನ ಪರ ವಾದ ಮಾಡಿದರೆ ಮುತ್ಯಾ ಸರಿ, ಪ್ರೊಕೊಫಿಯೆವನ ಪರ ವಾದ ಮಾಡಿದರೆ ನಾನು ಸರಿ!

ಗಂಟು ಬಿಡಿಸಿದ್ದು 'ಕಿತ್ತೂರು ಚೆನ್ನಮ್ಮ'. ಬಿ.ಆರ್. ಪಂತುಲು ಅವರ 1961ರ ಚಿತ್ರ, ಟಿ.ಜಿ. ಲಿಂಗಪ್ಪ ಸಂಗೀತ, ಬಿ. ಸರೋಜಾದೇವಿ ಚೆನ್ನಮ್ಮ. 1824ರಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ ಯುದ್ಧದ ಕಥೆ. ಕತ್ತಿ, ಕುದುರೆ, ತೋಪು ಎಲ್ಲ ಇರುವ ಈ ಚಿತ್ರದಿಂದ ಜನರ ಬಾಯಲ್ಲಿ ಉಳಿದ ಹಾಡು ಯಾವುದು ಹೇಳಿ? ಪಿ. ಸುಶೀಲಾ ಹಾಡಿದ ಅಕ್ಕಮಹಾದೇವಿಯ ವಚನ. ವಚನ ಹನ್ನೆರಡನೇ ಶತಮಾನದ್ದು, ಕಥೆ ಹತ್ತೊಂಬತ್ತನೆಯದ್ದು, ರಾಗ ಹಾಕಿದ್ದು ಇಪ್ಪತ್ತನೆಯದರಲ್ಲಿ. ಕಾಲದ ಲೆಕ್ಕ ಇಟ್ಟವರಿಗೆ ಇದೂ ತಪ್ಪೇ. ಆದರೂ ಒಂದಿಷ್ಟೂ ಸುಳ್ಳು ಅನ್ನಿಸುವುದಿಲ್ಲ. ಯಾಕೆ? ಲಿಂಗಾಯತ ಮನೆತನದ ಆ ರಾಣಿ ಪೂಜೆಗೆ ಕೂತರೆ ಅವಳ ಬಾಯಲ್ಲಿ ಬರಬಹುದಾದ ಮಾತೇ ಅದು. ವಾದ್ಯ ಎಷ್ಟು ಹಳೆಯದು ಎಂಬುದಕ್ಕಿಂತ, ತೆರೆ ಮೇಲಿರುವ ಮನುಷ್ಯ ಈ ಸದ್ದನ್ನು ಕೇಳಿದ್ದರೆ 'ಇದು ನನ್ನದು' ಅನ್ನುತ್ತಿದ್ದನೇ ಎಂಬುದು ಮುಖ್ಯ. ನನ್ನ ವಿಡಿಯೋದಲ್ಲಿ ವೆಂಕಟಪ್ಪ ನಾಯಕ ಅದನ್ನು ಅನ್ನುತ್ತಿರಲಿಲ್ಲ. ಅವನು ಕುದುರೆ ಹತ್ತಿ ಕೋಟೆ ಬಾಗಿಲು ಹಾಕಿಸುತ್ತಿದ್ದ.

ಇನ್ನೊಂದು ವಿಷಯ. ಸಿನಿಮಾದ ಹಿನ್ನೆಲೆ ಸಂಗೀತ ಈಗ ಹೆದರು, ಈಗ ಅಳು, ಈಗ ಹೆಮ್ಮೆ ಪಡು ಅಂತ ನಮಗೆ ಹೇಳಿಕೊಡುತ್ತದೆ. ನಮ್ಮ ಸೀಮೆಯ ಯುದ್ಧದ ಹಾಡು ಹಾಗಲ್ಲ, ಅದು ಏನಾಯಿತು ಅಂತ ಹೇಳುತ್ತದೆ. ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿ 'ಹಲಗಲಿ ಬೇಡರು' ಲಾವಣಿ ಓದಿದ್ದು ನಿಮಗೂ ನೆನಪಿರಬಹುದು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಹತಾರ ಕಾಯ್ದೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ, ಕಂಪನಿ ದಂಡು ಊರಿಗೇ ಬೆಂಕಿ ಹಚ್ಚಿತು. ಆ ಲಾವಣಿಯನ್ನು ಅಚ್ಚು ಮಾಡಿಸಿದವನು ಒಬ್ಬ ಇಂಗ್ಲಿಷ್ ಅಧಿಕಾರಿಯೇ, ಶಾಸನತಜ್ಞ ಜಾನ್ ಫ್ಲೀಟ್. 1885ರಿಂದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಸೇರಿ ಹಲವನ್ನು ಪ್ರಕಟಿಸಿದ. ಹಲಗಲಿಯ ಲಾವಣಿಯಲ್ಲಿ ದಂಡಿನವರು ಮನೆಗಳಿಂದ ದೋಚಿದ್ದರ ಪಟ್ಟಿ ಬರುತ್ತದೆ. ಉಪ್ಪು, ಎಣ್ಣೆ, ಅರಿಷಿಣ, ಜೀರಿಗೆ, ಬೆಲ್ಲ... ಹತ್ತನೇ ಕ್ಲಾಸಿನಲ್ಲಿ ಅದನ್ನು ಓದಿ ಕಿರಾಣಿ ಚೀಟಿ ಅಂತ ನಕ್ಕಿದ್ದೆವು. ಈಗ ಅನ್ನಿಸುತ್ತದೆ, ಯಾವ ಟ್ರಂಪೆಟ್ಟು ಇದನ್ನು ಹೇಳೀತು? ಡಬ್ಬಿಯ ಜೀರಿಗೆಯನ್ನೂ ಬಿಡಲಿಲ್ಲ ಅಂದರೆ ಆ ಮನೆಯಲ್ಲಿ ಇನ್ನೇನು ಉಳಿದಿತ್ತು ಅಂತ ಬೇರೆ ಹೇಳಬೇಕೇ. ಇದನ್ನು ಹಾಡುವವರ ಕೈಯಲ್ಲಿ ಇರುವುದು ಒಂದು ದಪ್ಪು, ಒಂದು ತುಂತುಣಿ, ಒಂದು ಜೋಡಿ ತಾಳ, ಅಷ್ಟೇ. ಯುದ್ಧ ಗೆದ್ದವರು ನಗಾರಖಾನೆ ಕಟ್ಟಿದರು, ಸೋತವರು ಲಾವಣಿ ಕಟ್ಟಿದರು. ನಗಾರಖಾನೆ ಇವತ್ತು ಮ್ಯೂಸಿಯಂ. ಲಾವಣಿ ಪಠ್ಯಪುಸ್ತಕದ ತನಕ ಬಂತು.

ನಮ್ಮ ಊರುಗಳ ಅಲಾಯಿ ಹಬ್ಬವನ್ನೇ ನೋಡಿ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ನಡೆದ ಕಾಳಗವನ್ನು ಮೊಹರಂನಲ್ಲಿ ನಮ್ಮ ಕಡೆಯವರು ರಿವಾಯತ್ ಪದಗಳಲ್ಲಿ, ಅಪ್ಪಟ ಕನ್ನಡದಲ್ಲಿ, ಜಾತಿ ಧರ್ಮ ನೋಡದೆ ಹಾಡುತ್ತಾರೆ. ಹಲಗಿ ಬಾರಿಸುತ್ತಾ ಹೆಜ್ಜೆ ಹಾಕುತ್ತಾರೆ. ಹುಸೇನರು ನೀರಿಲ್ಲದೆ ಬಳಲಿದ್ದನ್ನು ಕೇಳಿ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಅರಬರ ವಾದ್ಯ ಒಂದೂ ಇಲ್ಲ. ಆದರೂ ಅದು ಅವರದೇ ದುಃಖ. ಬರಗಾಲದ ಸೀಮೆಯವರಿಗೆ ನೀರಡಿಕೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ಹುಡುಕಿದ ಮೇಲೆ ಮತ್ತೆ ಊರಿಗೆ ಹೋಗಿ ಮುತ್ಯಾನ ಮುಂದೆ ಕೂತೆ. "ದೊರಿ ಮ್ಯಾಲೆ ಏನರ ಪದ ಇತ್ತೇನು ಮುತ್ಯಾ?" ಅಂದೆ. ಇತ್ತಂತೆ. ಸಣ್ಣವರಿದ್ದಾಗ ಜಾತ್ರೆಯಲ್ಲಿ ಇಡೀ ರಾತ್ರಿ ಕೂತು ಕೇಳಿದ್ದರಂತೆ. ಫೋನಿನ ರೆಕಾರ್ಡರ್ ಹಚ್ಚಿ ಕಾದೆ. ಮುತ್ಯಾ ಕಣ್ಣು ಮುಚ್ಚಿ ಪಕ್ಕದ ಟ್ರಂಕಿನ ಮೇಲೆ ಬೆರಳಿನಿಂದ ತಾಳ ಹಾಕಲು ಶುರು ಮಾಡಿದರು. ಒಂದು ನಿಮಿಷ, ಎರಡು ನಿಮಿಷ... ಧಾಟಿ ಗುನುಗಿದರು, ಮಾತು ಬರಲಿಲ್ಲ. ಮತ್ತೆ ಮೊದಲಿನಿಂದ ಹಿಡಿದರು. ಬರಲಿಲ್ಲ.

"ತಾಳ ಅದ, ಪದ ಹೋಗ್ಯಾವ ನೋಡು. ನೀ ಇಷ್ಟು ದಿನ ಕೇಳಲಿಲ್ಲ ಬಿಡು," ಅಂದರು. ಸಿಟ್ಟಿನಿಂದ ಅಲ್ಲ, ಹಾಗೇ.

ಅದು ನನಗೆ ಸರಿಯಾಗಿ ತಾಗಿತು. ಹೈಸ್ಕೂಲಿನಲ್ಲಿದ್ದಾಗ ಇದೇ ಮುತ್ಯಾ ಸಂಜೆ ಕಟ್ಟೆ ಮೇಲೆ ಕೂತು ಏನೋ ಹಾಡುತ್ತಿದ್ದರು, ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಳಗೆ ಹೋಗುತ್ತಿದ್ದೆ. ಇವರ ಗದ್ದಲ ಅಂತ ಬೈದದ್ದೂ ಉಂಟು. ಆ ಗದ್ದಲದಲ್ಲಿ ಸುರಪುರದ ದೊರೆ ಇದ್ದ.

ಈಗ ವಿಡಿಯೋ ಬದಲಾಯಿಸಿದ್ದೇನೆ. ಎಪಿಕ್ ಸಂಗೀತ ಪೂರ್ತಿ ತೆಗೆದೆ. ಕಂಪನಿ ದಂಡು ಬರುವ ಜಾಗದಲ್ಲಿ ಮಾತ್ರ ಬ್ಯೂಗಲ್ಲು, ಡ್ರಮ್ಮು ಇಟ್ಟೆ, ಅದು ಅವರದೇ ಆದ್ದರಿಂದ. ದೊರೆ ಸಾಯುವಲ್ಲಿ ಮೊದಲು ದೊಡ್ಡದೊಂದು ಧಡಾರ್ ಸದ್ದು ಹಾಕಿದ್ದೆ. ಅಲ್ಲಿ ಕುರೊಸಾವಾನ 'ರಾನ್' (1985) ನೆನಪಾಯಿತು. ಅದರಲ್ಲಿ ಕೋಟೆ ಉರಿಯುತ್ತದೆ, ಜನ ಸಾಯುತ್ತಾರೆ, ಆದರೆ ಕತ್ತಿ ಕುದುರೆ ಯಾವುದರ ಸದ್ದೂ ಇಲ್ಲ, ತೊರು ತಾಕೆಮಿತ್ಸುವಿನ ಸಂಗೀತವೊಂದೇ. ಒಂದು ಗುಂಡು ಹಾರಿದ ಮೇಲೆಯೇ ಲೋಕದ ಸದ್ದೆಲ್ಲ ವಾಪಸ್ ಬರುತ್ತದೆ. ನಮ್ಮ ದೊರೆಯ ಕಥೆಯಲ್ಲೂ ಕೊನೆಗೆ ಇರುವುದು ಒಂದು ಗುಂಡು. ಯಾರು ಹೊಡೆದರು ಅಂತ ನನಗೆ ಗೊತ್ತಿಲ್ಲದಿರುವಾಗ, ಹೇಗೆ ಅನ್ನಿಸಬೇಕು ಅಂತ ನೋಡುವವರಿಗೆ ನಾನ್ಯಾಕೆ ಹೇಳಿಕೊಡಲಿ? ಅಲ್ಲಿ ಏನೂ ಹಾಕಲಿಲ್ಲ. ಆಮೇಲೆ, ಕೊನೆಯ ಒಂದು ನಿಮಿಷಕ್ಕೆ, ಮುತ್ಯಾ ಟ್ರಂಕಿನ ಮೇಲೆ ಹಾಕಿದ ತಾಳ. ಪದವಿಲ್ಲದ ತಾಳ.

ಆಫೀಸಿನವರಿಗೆ ಮೊದಲಿನಷ್ಟು ಇಷ್ಟವಾಗಲಿಲ್ಲ. ಸೌಂಡ್ ಬರ್ತಿಲ್ಲ ಮಗಾ, ಫೈಲ್ ಕರಪ್ಟ್ ಆಗಿದೆಯಾ ಅಂದ ಒಬ್ಬ. ಮುತ್ಯಾನಿಗೆ ಮತ್ತೆ ಕೇಳಿಸಿದೆ. ಕೊನೆಯ ತನಕ ಕಿವಿ ಕೊಟ್ಟು ಕೇಳಿ, "ಈ ತಾಳ ಹಾಕಿದಾಂವ ಯಾರು, ಛಲೋ ಹಾಕ್ಯಾನ," ಅಂದರು. ನೀವೇ ಮುತ್ಯಾ ಅಂದೆ. ನಕ್ಕರು.

ಶಹಾಪುರ, ಸುರಪುರ, ಯಾದಗಿರಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಮನೆಯಲ್ಲಿ ಹಿರಿಯರಿದ್ದರೆ ಸುರಪುರದ ದೊರೆಯ ಪದ ಯಾರಿಗಾದರೂ ಬರುತ್ತದಾ ಅಂತ ಕೇಳಿ ನೋಡಿ. ನಾಲ್ಕು ಸಾಲಾದರೂ ಸಾಕು, ಫೋನಿನಲ್ಲಿ ಹಿಡಿದಿಟ್ಟು ನನಗೊಂದು ಮಾತು ತಿಳಿಸಿ. ತಾಳ ನಮ್ಮ ಹತ್ತಿರ ಇದೆ.